ಆರು ಗಂಟೆಗೆ ಮುಚ್ಚುವುದು ಸಾಲಿನ ಬಾಲ, ಮತದಾನವಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮತದಾನದ ದಿನದ ವೇಳೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ತಿರುಗುತ್ತವೆ: ಪತ್ರಿಕೆಯಲ್ಲಿ ಅಚ್ಚಾಗುವ ‘ಬೆಳಿಗ್ಗೆ 7ರಿಂದ ಸಂಜೆ 6’ ಅಂದರೆ ಆ ಹೊತ್ತಿಗೆ ಏನು ಮುಗಿದಿರಬೇಕು? ಆ ಪತ್ರಗಳನ್ನು ಮೊದಲು ತೆಗೆದುಕೊಂಡಿದ್ದೇವೆ. ಬಿಡಿ ಪ್ರಶ್ನೆಗಳು ಆಮೇಲೆ.

ಪ್ರಶ್ನೆ: ನಾನು 5.50ಕ್ಕೆ ಮತಗಟ್ಟೆಗೆ ಹೋದೆ ಅಂದುಕೊಳ್ಳಿ. ಮುಂದೆ ಎಂಬತ್ತು ಜನ ನಿಂತಿದ್ದಾರೆ. ಆರು ಹೊಡೆದ ಕೂಡಲೇ ನನ್ನನ್ನು ವಾಪಸು ಕಳಿಸಬಹುದೇ? (ಹಾವೇರಿ)

ಕಳಿಸುವಂತಿಲ್ಲ. ಚುನಾವಣೆ ನಡೆಸುವ 1961ರ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ನಿಗದಿಯಾದ ಗಂಟೆಗೆ ಅಧ್ಯಕ್ಷಾಧಿಕಾರಿ (ಮತಗಟ್ಟೆಯ ಮುಖ್ಯಸ್ಥರು) ಮತಗಟ್ಟೆಯನ್ನು ಮುಚ್ಚಬೇಕು, ಆಮೇಲೆ ಬಂದವರನ್ನು ಒಳಗೆ ಬಿಡಬಾರದು. ಆದರೆ ಮುಚ್ಚುವ ಮೊದಲೇ ಅಲ್ಲಿ ಹಾಜರಿದ್ದ ಪ್ರತಿಯೊಬ್ಬರಿಗೂ ಮತ ಹಾಕಲು ಅವಕಾಶ ಕೊಡಲೇಬೇಕು. ಎಂಬತ್ತು ಜನರಿದ್ದರೂ ಸರಿ, ಇನ್ನೂರು ಜನರಿದ್ದರೂ ಸರಿ. ರಾತ್ರಿ ಎಂಟಾದರೂ ಒಂಬತ್ತಾದರೂ ಯಂತ್ರ ನಡೆಯುತ್ತಲೇ ಇರುತ್ತದೆ. 2024ರ ಏಪ್ರಿಲ್ 26ರಂದು ಕೇರಳದ ವಡಗರ ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ರಾತ್ರಿ ಬಹಳ ಹೊತ್ತಿನ ತನಕ ಜನ ಸಾಲಿನಲ್ಲಿದ್ದುದು ಸುದ್ದಿಯಾಗಿತ್ತು.

ಇದು ನಡೆಯುವ ಕ್ರಮ ತಿಳಿದಿದ್ದರೆ ಆ ಕೊನೆಯ ಹತ್ತು ನಿಮಿಷದಲ್ಲಿ ಗಾಬರಿಯಾಗುವುದಿಲ್ಲ. ಮುಚ್ಚುವ ಗಂಟೆಗೆ ಕೆಲವೇ ನಿಮಿಷ ಇರುವಾಗ ಅಧ್ಯಕ್ಷಾಧಿಕಾರಿ, ಅಂದರೆ ಸಿಬ್ಬಂದಿಯ ಬಾಯಲ್ಲಿ ಪಿಆರ್‌ಒ, ಹೊರಗೆ ಬಂದು ಸಾಲಿನಲ್ಲಿರುವ ಎಲ್ಲರಿಗೂ ಮತ ಹಾಕಲು ಬಿಡುತ್ತೇವೆಂದು ಕೂಗಿ ಹೇಳುತ್ತಾರೆ. ಆರು ಗಂಟೆಗೆ ಸರಿಯಾಗಿ ಕ್ರಮಸಂಖ್ಯೆ ಬರೆದು ತಮ್ಮ ಪೂರ್ಣ ಸಹಿ ಹಾಕಿದ ಚೀಟಿಗಳನ್ನು ಹಂಚುತ್ತಾರೆ. ಹಂಚುವುದು ಸಾಲಿನ ಬಾಲದಿಂದ ತಲೆಯ ಕಡೆಗೆ. ಎಲ್ಲರಿಗಿಂತ ಹಿಂದೆ ನಿಂತವರ ಕೈಗೆ 1ನೇ ಚೀಟಿ, ಅವರ ಮುಂದಿನವರಿಗೆ 2, ಹೀಗೆ. ತಲೆಯ ಕಡೆಯಿಂದ ಹಂಚುತ್ತ ಬಂದರೆ ಬಾಲಕ್ಕೆ ತಲುಪುವಷ್ಟರಲ್ಲಿ ಹೊಸಬರು ಹತ್ತು ಮಂದಿ ಸೇರಿಕೊಂಡಿರುತ್ತಾರೆ, ಯಾರು ಮೊದಲು ಬಂದವರು ಎಂದು ಜಗಳ ಬಿಡಿಸುವವರಿಲ್ಲ. ಅದಕ್ಕೇ ಈ ತಿರುಗು ಲೆಕ್ಕ. ಕೊನೆಯವರ ಹಿಂದೆ ಒಬ್ಬ ಪೊಲೀಸ್ ಅಥವಾ ಸಿಬ್ಬಂದಿ ನಿಲ್ಲುತ್ತಾರೆ.

ಆದ್ದರಿಂದ ಕೈಯಲ್ಲಿ 1ನೇ ಸಂಖ್ಯೆ ಬಂದರೆ ಮೊದಲ ಸರದಿ ನಿಮ್ಮದೆಂದು ಮುಂದೆ ನುಗ್ಗಬೇಡಿ. ನಿಮ್ಮದು ಕಟ್ಟಕಡೆಯ ಸರದಿ.

ಎಡವಟ್ಟಾಗುವ ಜಾಗಗಳೂ ಇವೆ. ಒಂದೇ ಶಾಲೆಯಲ್ಲಿ ಮೂರು ನಾಲ್ಕು ಮತಗಟ್ಟೆ ಇರುತ್ತವೆ. ಜನ ತಮ್ಮ ಭಾಗ ಸಂಖ್ಯೆ (ಮತದಾರರ ಪಟ್ಟಿಯ ಯಾವ ಭಾಗದಲ್ಲಿ ಹೆಸರಿದೆ ಎಂಬುದರ ಸಂಖ್ಯೆ) ನೋಡದೆ ಉದ್ದದ ಸಾಲು ಕಂಡಲ್ಲಿ ನಿಲ್ಲುತ್ತಾರೆ. 5.40ಕ್ಕೇ ಬಂದು, ತಪ್ಪು ಕೋಣೆಯ ಚೀಟಿ ಹಿಡಿದು, 6.30ಕ್ಕೆ ಬಾಗಿಲು ತಲುಪಿದರೆ ‘ನಿಮ್ಮ ಹೆಸರು ಪಕ್ಕದ ಕೋಣೆಯ ಪಟ್ಟಿಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಪಕ್ಕದ ಕೋಣೆಯ ಪಿಆರ್‌ಒ ಪಾಲಿಗೆ ನೀವು ತಡವಾಗಿ ಬಂದವರು. ಆ ಚೀಟಿ ಕೊಟ್ಟ ಮತಗಟ್ಟೆಗೆ ಮಾತ್ರ ಸಲ್ಲುತ್ತದೆ. ನಿಲ್ಲುವ ಮೊದಲೇ ಬಾಗಿಲ ಮೇಲಿನ ಸಂಖ್ಯೆಯನ್ನೂ ನಿಮ್ಮ ಮತದಾರರ ಮಾಹಿತಿ ಚೀಟಿಯಲ್ಲಿರುವ ಭಾಗ ಸಂಖ್ಯೆಯನ್ನೂ ತಾಳೆ ನೋಡಿ. ಕ್ರಮಸಂಖ್ಯೆಯನ್ನೂ ನೋಡಿಟ್ಟುಕೊಂಡರೆ ಒಳಗೆ ಪಟ್ಟಿ ತಿರುವುವ ಹೊತ್ತು ಉಳಿಯುತ್ತದೆ.

ಇನ್ನೊಂದು, ಸಾಲಿನಿಂದ ಹೊರಗೆ ಹೋಗುವುದು. ಜಾಗ ಹಿಡಿದಿಟ್ಟು ಟೀ ಕುಡಿಯಲು ಹೋದವರು ಆರಕ್ಕೆ ಅಲ್ಲಿ ಇಲ್ಲದಿದ್ದರೆ ಚೀಟಿ ಸಿಗುವುದಿಲ್ಲ. ಪಕ್ಕದವರು ‘ಇವರು ನನ್ನ ಮುಂದಿದ್ದರು’ ಎಂದು ಸಾಕ್ಷಿ ಹೇಳಬಹುದು, ಆದರೆ ಯಾರು ಹೊತ್ತಿಗೆ ಮೊದಲು ಹಾಜರಿದ್ದರು ಎಂಬ ಪ್ರಶ್ನೆ ಎದ್ದರೆ ತೀರ್ಮಾನ ಪಿಆರ್‌ಒ ಅವರದು, ಅದೇ ಅಂತಿಮ. ಸಾಲು ರಸ್ತೆಯವರೆಗೆ ಚಾಚಿದ್ದರೆ ಆ ಬಾಲವನ್ನು ಅವರು ನೋಡಿದ್ದಾರೆಯೇ ಎಂಬುದು ಮುಖ್ಯ. ಐದು ನಿಮಿಷ ಮೊದಲೇ ಒಳಗಿರುವ ಸಿಬ್ಬಂದಿಗೆ ಯಾರಾದರೂ ಹೋಗಿ ತಿಳಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಮತಗಟ್ಟೆಯಲ್ಲಿ ಯಂತ್ರ ಕೆಟ್ಟು ಒಂದೂವರೆ ಗಂಟೆ ಮತದಾನ ನಿಂತಿತ್ತು. ಆ ಹೊತ್ತನ್ನು ಸಂಜೆ ಸೇರಿಸಿ ಕೊಡಬೇಕಲ್ಲವೇ? (ಚಿಂತಾಮಣಿ)

ನ್ಯಾಯವಾಗಿ ನೋಡಿದರೆ ಹೌದು ಅನ್ನಿಸುತ್ತದೆ. ನಿಯಮ ಹಾಗಿಲ್ಲ. ಮತದಾನ ತಡವಾಗಿ ಶುರುವಾಗಲಿ, ನಡುವೆ ನಿಲ್ಲಲಿ, ಮುಚ್ಚುವ ಗಂಟೆಯನ್ನು ಮುಂದೂಡುವ ಅಧಿಕಾರ ಪಿಆರ್‌ಒಗೆ ಇಲ್ಲ. ಅವರು ಕೊಡಬಹುದಾದುದು ಒಂದೇ: ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ. ಯಂತ್ರ ಕೆಟ್ಟಾಗ ‘ಸಂಜೆ ಹೆಚ್ಚು ಸಮಯ ಕೊಡುತ್ತಾರಂತೆ’ ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಹರಡುತ್ತದೆ. ಅದನ್ನು ನಂಬಿ 6.20ಕ್ಕೆ ಬಂದವರು ಮತ ಕಳೆದುಕೊಳ್ಳುತ್ತಾರೆ. ಬೆಳಿಗ್ಗೆ ಯಂತ್ರ ಕೆಟ್ಟು ಮನೆಗೆ ಹೋದವರು 5.30ರೊಳಗೆ ವಾಪಸು ಬಂದು ನಿಲ್ಲಬೇಕು, ಬೇರೆ ದಾರಿ ಇಲ್ಲ.

ಯಂತ್ರ ಕೆಟ್ಟಾಗ ಏನು ಮಾಡುತ್ತಾರೆ ಎಂಬುದನ್ನೂ ಹೇಳಿಬಿಡುವುದು ವಾಸಿ. ಮತಯಂತ್ರವೆಂದರೆ ಮೂರು ಪೆಟ್ಟಿಗೆ: ನೀವು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಸಿಬ್ಬಂದಿಯ ಮೇಜಿನ ಮೇಲಿರುವ ಕಂಟ್ರೋಲ್ ಯೂನಿಟ್, ಕಾಗದದ ಚೀಟಿ ತೋರಿಸುವ ವಿವಿಪ್ಯಾಟ್. ವಿವಿಪ್ಯಾಟ್ ಮಾತ್ರ ಕೈಕೊಟ್ಟರೆ ಅದೊಂದನ್ನೇ ಬದಲಿಸಿ ಮುಂದುವರಿಸುತ್ತಾರೆ. ಕಂಟ್ರೋಲ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಸೆಟ್ಟಿನಲ್ಲಿ ನೋಟಾ ಸೇರಿ ಪ್ರತಿ ಅಭ್ಯರ್ಥಿಗೆ ಒಂದೊಂದು ಅಣಕು ಮತ, ಅಂದರೆ ಪರೀಕ್ಷೆಯ ಮತ ಹಾಕಿ, ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ, ಅಳಿಸಿ, ಮೊಹರು ಮಾಡಿ ಆಮೇಲೆ ಶುರು. ಸುತ್ತಲಿನ ಕೆಲವು ಮತಗಟ್ಟೆಗಳನ್ನು ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿಯ ಜೀಪಿನಲ್ಲಿ ಹೆಚ್ಚುವರಿ ಯಂತ್ರ ಇರುತ್ತದೆ. ಆ ಜೀಪು ಎಲ್ಲಿದೆ ಎಂಬುದರ ಮೇಲೆ ನಿಮ್ಮ ಕಾಯುವಿಕೆ ನಿಂತಿದೆ. ಮಲೆನಾಡಿನ ಒಳದಾರಿಯಲ್ಲಿ ಇದು ಬೆಂಗಳೂರಿಗಿಂತ ಹೆಚ್ಚು ಹೊತ್ತು ತಿನ್ನುವುದು ಸಹಜ.

ಆಗಲೇ ಹಾಕಿದ ಮತಗಳು ಹಳೆಯ ಕಂಟ್ರೋಲ್ ಯೂನಿಟ್‌ನ ಸ್ಮೃತಿಯಲ್ಲೇ ಇರುತ್ತವೆ. ಎಣಿಕೆಯ ದಿನ ಎರಡೂ ಯೂನಿಟ್ ಮೇಜಿಗೆ ಬರುತ್ತವೆ. ಬ್ಯಾಟರಿ ಇಳಿದು ಬದಲಿಸಿದರೂ ಮತ ಅಳಿಯುವುದಿಲ್ಲ. ಯಂತ್ರ ನಡೆಯುವುದೇ ಬ್ಯಾಟರಿಯಲ್ಲಿ, ಆದ್ದರಿಂದ ಕರೆಂಟು ಹೋದರೆ ಕತ್ತಲಾಗುತ್ತದೆಯೇ ಹೊರತು ಮತದಾನ ನಿಲ್ಲುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಏಳಕ್ಕೇ ಹೋದರೂ ಬಾಗಿಲು ತೆರೆಯದ ಮತಗಟ್ಟೆಗಳ ಸುದ್ದಿ ಪ್ರತಿ ಸಲ ಬರುತ್ತದೆ. ಹಿಂದಿನ ದಿನವೇ ಬಂದು ಅಲ್ಲೇ ಮಲಗಿದ ಸಿಬ್ಬಂದಿಗೆ ಹೊತ್ತಿಗೆ ಸರಿಯಾಗಿ ಶುರು ಮಾಡಲು ಏನು ಅಡ್ಡಿ? (ತರೀಕೆರೆ)

ಅಡ್ಡಿ ಹೆಚ್ಚಾಗಿ ಬರುವುದು ಏಳಕ್ಕೆ ಮೊದಲಿನ ಒಂದೂವರೆ ಗಂಟೆಯಲ್ಲಿ. ಏಳಕ್ಕೆ ಮತದಾನವಿದ್ದರೆ 5.30ಕ್ಕೆ ಅಣಕು ಮತದಾನ ಶುರುವಾಗಬೇಕು. ಕನಿಷ್ಠ 50 ಮತ ಹಾಕಿ ತೋರಿಸಬೇಕು, ಅದೂ ಅಭ್ಯರ್ಥಿಗಳ ಏಜೆಂಟರ ಎದುರು. ಬೇರೆ ಬೇರೆ ಅಭ್ಯರ್ಥಿಗಳ ಇಬ್ಬರು ಏಜೆಂಟರಾದರೂ ಬರದಿದ್ದರೆ 15 ನಿಮಿಷ ಕಾಯಬೇಕು. ಹಿಂದಿನ ರಾತ್ರಿ ಬಹಳ ಹೊತ್ತು ಓಡಾಡಿದ ಏಜೆಂಟರು 5.30ಕ್ಕೆ ಕಣ್ಣುಜ್ಜಿಕೊಂಡು ಬರುವುದು ಅಪರೂಪವೇನಲ್ಲ, ಬರದಿರುವುದೂ ಅಪರೂಪವಲ್ಲ.

ಆಮೇಲೆ ಸಿಬ್ಬಂದಿ ತರಬೇತಿಯಲ್ಲಿ ಬಾಯಿಪಾಠ ಮಾಡಿಸುವ ‘ಸಿಆರ್‌ಸಿ’: ಕ್ಲೋಸ್, ರಿಸಲ್ಟ್, ಕ್ಲಿಯರ್. ಅಣಕು ಮತದಾನ ಮುಚ್ಚಬೇಕು, ಫಲಿತಾಂಶ ನೋಡಿ ವಿವಿಪ್ಯಾಟ್ ಚೀಟಿಗಳ ಜೊತೆ ತಾಳೆ ಹಾಕಬೇಕು, ಯಂತ್ರದಿಂದ ಆ ಮತಗಳನ್ನು ಅಳಿಸಬೇಕು. ವಿವಿಪ್ಯಾಟ್ ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನೂ ಹೊರತೆಗೆದು, ಹಿಂಬದಿಗೆ ಅಣಕು ಮತದಾನದ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ಹಾಕಿ ಮೊಹರು ಮಾಡಬೇಕು. ಈ ಅಳಿಸುವ ಹೆಜ್ಜೆ ಮರೆತರೆ 50 ಸುಳ್ಳು ಮತಗಳು ನಿಜವಾದವುಗಳ ಜೊತೆ ಕೂತಿರುತ್ತವೆ; ಎಣಿಕೆಯ ದಿನ ಆ ಯಂತ್ರವನ್ನು ಪಕ್ಕಕ್ಕಿಡಬೇಕಾಗುತ್ತದೆ. ಹಾಗಾಗಿ ಹತ್ತು ನಿಮಿಷ ತಡವಾದರೂ ಈ ಕೆಲಸವನ್ನು ಸಾವಧಾನವಾಗಿ ಮಾಡುವ ಪಿಆರ್‌ಒ ಬಗ್ಗೆ ಸಿಟ್ಟಾಗಬೇಡಿ.

ಉಳಿದ ತೊಂದರೆಗಳು ಕೈತಪ್ಪಿನವು. ಬ್ಯಾಲೆಟ್ ಯೂನಿಟ್‌ನ ಕೇಬಲ್ ವಿವಿಪ್ಯಾಟ್‌ಗೆ, ವಿವಿಪ್ಯಾಟ್‌ನದು ಕಂಟ್ರೋಲ್ ಯೂನಿಟ್‌ಗೆ ಹೋಗಬೇಕು. ಸ್ವಿಚ್ ಹಾಕಿದ ಮೇಲೆ ಕೇಬಲ್ ಕಿತ್ತು ಚುಚ್ಚಿದರೆ ಯಂತ್ರ ದೋಷ ತೋರಿಸುತ್ತದೆ. ಆಫ್ ಮಾಡಿಯೇ ಜೋಡಿಸಬೇಕು. ವಿವಿಪ್ಯಾಟ್‌ನ ಹಿಂಬದಿಯಲ್ಲಿ ಸಾಗಣೆಗೆಂದು ಬಿಗಿದ ತಿರುಗುಗುಂಡಿ ಇದೆ, ಅದನ್ನು ಬಿಡಿಸುವುದನ್ನೇ ಮರೆಯುವವರಿದ್ದಾರೆ. ಕಿಟಕಿಯ ಬಿಸಿಲು ಅಥವಾ ಬಲ್ಬಿನ ಬೆಳಕು ನೇರವಾಗಿ ವಿವಿಪ್ಯಾಟ್ ಮೇಲೆ ಬಿದ್ದರೂ ಅದು ಕೈಕೊಡುತ್ತದೆ. ಪೂರ್ವಕ್ಕೆ ಕಿಟಕಿಯಿರುವ ತರಗತಿಯಲ್ಲಿ ಮತ ಹಾಕುವ ಮರೆಯನ್ನು ಎಲ್ಲಿ ಇಡಬೇಕೆಂದು ಹಿಂದಿನ ಸಂಜೆಯೇ ಯೋಚಿಸಿದವರಿಗೆ ಬೆಳಿಗ್ಗೆ ತಲೆನೋವಿಲ್ಲ.

ಪ್ರಶ್ನೆ: ಈ ಗಂಟೆಗಳನ್ನು ಯಾರು ನಿಗದಿ ಮಾಡುತ್ತಾರೆ? ಪಂಚಾಯಿತಿ ಚುನಾವಣೆಯಲ್ಲಿ ಐದಕ್ಕೇ ಮುಗಿದ ನೆನಪು. (ಸಿಂದಗಿ)

ನೆನಪು ಸರಿಯಾಗಿದೆ. ಲೋಕಸಭೆ, ವಿಧಾನಸಭೆಗಳಿಗೆ ಭಾರತದ ಚುನಾವಣಾ ಆಯೋಗ ಗಂಟೆ ಗೊತ್ತು ಮಾಡುತ್ತದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 56ನೇ ಕಲಮು ಹಾಕಿರುವ ಮಿತಿ ಒಂದೇ: ಒಂದು ದಿನದಲ್ಲಿ ಎಂಟು ಗಂಟೆಗಿಂತ ಕಡಿಮೆ ಇರಬಾರದು. ಕರ್ನಾಟಕದಲ್ಲಿ 2023ರ ಮೇ 10ರ ವಿಧಾನಸಭಾ ಚುನಾವಣೆಗೂ, 2024ರ ಏಪ್ರಿಲ್ 26 ಮತ್ತು ಮೇ 7ರ ಲೋಕಸಭಾ ಮತದಾನಕ್ಕೂ ಬೆಳಿಗ್ಗೆ 7ರಿಂದ ಸಂಜೆ 6, ಅಂದರೆ ಹನ್ನೊಂದು ಗಂಟೆ.

ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ನೋಡಿಕೊಳ್ಳುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆಯೇ ಸಂಸ್ಥೆ. 2020ರ ಡಿಸೆಂಬರ್ 22 ಮತ್ತು 27ರ ಗ್ರಾಮ ಪಂಚಾಯಿತಿ ಮತದಾನ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ನಡೆಯಿತು. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳದು ಇನ್ನೂ ಚಿಕ್ಕದು: 2024ರ ಜೂನ್ 3ರಂದು ಬೆಳಿಗ್ಗೆ 8ರಿಂದ ಸಂಜೆ 4. ಕಾಲೇಜು ಮುಗಿಸಿ ಐದಕ್ಕೆ ಹೋಗುತ್ತೇನೆ ಅನ್ನುವ ಮೇಷ್ಟ್ರಿಗೆ ಅಲ್ಲಿ ಬೀಗ ಕಾಣುತ್ತದೆ.

ರಾಜ್ಯದಿಂದ ರಾಜ್ಯಕ್ಕೂ ವ್ಯತ್ಯಾಸ ಉಂಟು. ಬೇಗ ಕತ್ತಲಾಗುವ ನಾಗಾಲ್ಯಾಂಡಿನಲ್ಲಿ 2023ರ ಫೆಬ್ರವರಿ 27ರಂದು ಸಂಜೆ ನಾಲ್ಕಕ್ಕೇ ಮುಗಿಸಿದರು. ಛತ್ತೀಸಗಡದಲ್ಲಿ 2023ರ ನವೆಂಬರ್ 7ರಂದು ನಕ್ಸಲ್ ಬಾಧಿತ ಹತ್ತು ಕ್ಷೇತ್ರಗಳಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 3. ಬೆಳಕಿರುವಾಗಲೇ ಸಿಬ್ಬಂದಿ ಯಂತ್ರ ಹೊತ್ತು ಕಾಡು ದಾಟಬೇಕು, ಅದಕ್ಕೆ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಎಂಟೇ ಗಂಟೆ. ಹಿಗ್ಗಿಸಿದ ಉದಾಹರಣೆಯೂ ಇದೆ: 2024ರ ಮೇ 13ರ ಮತದಾನಕ್ಕೆ ತೆಲಂಗಾಣದ ಹೆಚ್ಚಿನ ಕಡೆ ಐದರ ಬದಲು ಆರು ಗಂಟೆ ಎಂದು ಆಯೋಗ ಮೊದಲೇ ಆದೇಶ ಹೊರಡಿಸಿತು. ಕಾರಣ ಸುಡುಬಿಸಿಲು. ಹಿಗ್ಗುವುದಾದರೆ ಹೀಗೆ ದಿನಗಳ ಮೊದಲು, ಆಯೋಗದ ಆದೇಶದಿಂದ.

ಕಾಸರಗೋಡು, ಮುಂಬೈ ಕಡೆಯ ಕನ್ನಡಿಗರು ತಮ್ಮಲ್ಲಿ ಹೇಗೆ ಎಂದು ಕೇಳಿದ್ದಾರೆ. ಉತ್ತರ: ಕೇರಳದಲ್ಲಿ 2024ರ ಏಪ್ರಿಲ್ 26ರಂದು, ಮಹಾರಾಷ್ಟ್ರದಲ್ಲಿ ಅದೇ ವರ್ಷದ ನವೆಂಬರ್ 20ರಂದು 7ರಿಂದ 6 ಇತ್ತು. ಪ್ರತಿ ಚುನಾವಣೆಯಲ್ಲೂ ಹೊಸ ಅಧಿಸೂಚನೆ ನೋಡಿಕೊಳ್ಳಿ.

ಪ್ರಶ್ನೆ: ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೋಗಬೇಕು. ಯಾವ ಹೊತ್ತಿನಲ್ಲಿ ಸಾಲು ಕಡಿಮೆ? (ಬೆಂಗಳೂರು, ಬಸವನಗುಡಿ)

ಮೊದಲು ಸಣ್ಣ ಲೆಕ್ಕ. ಒಂದು ಮತಗಟ್ಟೆಗೆ ಹಿಂದೆ 1,500 ಮತದಾರರವರೆಗೆ ಇರಬಹುದಿತ್ತು. 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿತು. 1,200ರಲ್ಲಿ ಶೇ 70 ಜನ ಬಂದರೆ 840. ಹನ್ನೊಂದು ಗಂಟೆ ಅಂದರೆ 660 ನಿಮಿಷ. ತಲೆಗೆ ಸುಮಾರು 47 ಸೆಕೆಂಡು. ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಕಾಣುವುದು 7 ಸೆಕೆಂಡು; ಯಂತ್ರದ ಮುಂದಿನ ಕೆಲಸ ಬೇಗ ಮುಗಿಯುತ್ತದೆ. ತಡವಾಗುವುದು ಮೇಜಿನ ಬಳಿ: ಒಬ್ಬರು ಪಟ್ಟಿಯಲ್ಲಿ ಹೆಸರು ಹುಡುಕಿ ಗುರುತು ನೋಡಬೇಕು, ಇನ್ನೊಬ್ಬರು ಬೆರಳಿಗೆ ಮೈಸೂರಿನ ಶಾಯಿ ಹಚ್ಚಿ 17ಎ ನಮೂನೆಯ ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಳ್ಳಬೇಕು, ಮೂರನೆಯವರು ಆ ಮೇಜಿನಲ್ಲಿ ಕೊಟ್ಟ ಚೀಟಿ ಪಡೆದು ಬ್ಯಾಲೆಟ್ ಗುಂಡಿ ಒತ್ತಿ ಯಂತ್ರ ತೆರೆದುಕೊಡಬೇಕು. ಚೀಲದ ತಳದಿಂದ ಗುರುತಿನ ಚೀಟಿ ಹುಡುಕುವ ಒಬ್ಬರು ಸಾಕು, ಹಿಂದಿನ ನಾಲ್ಕು ಜನರ ಹೊತ್ತು ಹೋಗುತ್ತದೆ.

ಈ ಸರಾಸರಿ ದಿನಪೂರ್ತಿ ಸಮವಾಗಿ ಹರಿದರೆ ಸಾಲೇ ಇರುವುದಿಲ್ಲ. ನಗರದಲ್ಲಿ ಏಳರಿಂದ ಹನ್ನೊಂದರ ತನಕ ವಾಕಿಂಗ್ ಮುಗಿಸಿದವರು, ತಿಂಡಿ ಮುಗಿಸಿದವರು ಒಟ್ಟಿಗೆ ಬರುತ್ತಾರೆ. ಹಳ್ಳಿಯಲ್ಲಿ ಹೊಲಕ್ಕೆ ಹೋಗುವ ಮೊದಲು ಒಂದು ಅಲೆ, ದನ ಕಟ್ಟಿದ ಮೇಲೆ ನಾಲ್ಕೂವರೆಯಿಂದ ಇನ್ನೊಂದು. ಮಧ್ಯಾಹ್ನ ಒಂದರಿಂದ ಮೂರು ಎಲ್ಲ ಕಡೆ ಖಾಲಿ. ಏಪ್ರಿಲ್, ಮೇ ತಿಂಗಳ ಬಿಸಿಲೇ ಅದಕ್ಕೆ ಕಾರಣ. ಮತಗಟ್ಟೆಯ ಬಾಗಿಲವರೆಗೆ ಆಟೊ ಬಿಡುವುದಾದರೆ ತಾಯಿಯವರಿಗೆ ಎರಡು ಗಂಟೆಯ ಹೊತ್ತು ಒಳ್ಳೆಯದು, ನೂರಿನ್ನೂರು ಮೀಟರ್ ನಡೆಯಬೇಕಾದರೆ ಏಳಕ್ಕೇ ಹೋಗಿ. ವೃದ್ಧರನ್ನೂ ಕಂಕುಳ ಮಗುವಿನ ತಾಯಂದಿರನ್ನೂ ಸಾಲು ಬಿಡಿಸಿ ಮುಂದೆ ಬಿಡುತ್ತಾರೆ. ಕೇಳಲು ಸಂಕೋಚ ಬೇಡ.

ತಾಯಿಗೆ 85 ದಾಟಿದ್ದರೆ, ಅಥವಾ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ, ಲೋಕಸಭೆ ಮತ್ತು ವಿಧಾನಸಭಾ ಚುನಾವಣೆಗಳಲ್ಲಿ ಮನೆಯಲ್ಲೇ ಅಂಚೆ ಮತ ಹಾಕಬಹುದು. 12ಡಿ ನಮೂನೆಯನ್ನು ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೇ ತಂದುಕೊಡುತ್ತಾರೆ. 2023ರಲ್ಲಿ ಈ ವಯಸ್ಸು 80 ಇತ್ತು, 2024ರಲ್ಲಿ 85 ಆಯಿತು, ಹಳೆಯ ಕರಪತ್ರ ನೋಡಿ ಮೋಸ ಹೋಗಬೇಡಿ. ಒಮ್ಮೆ ಅರ್ಜಿ ಒಪ್ಪಿತವಾದರೆ ಮತಗಟ್ಟೆಯಲ್ಲಿ ಮತ್ತೆ ಮತ ಹಾಕಲು ಆಗುವುದಿಲ್ಲ.

ಪ್ರಶ್ನೆ: ನನ್ನ ಮತ ಧಾರವಾಡದಲ್ಲಿ, ಕೆಲಸ ಬೆಂಗಳೂರಿನಲ್ಲಿ. ಬೆಂಗಳೂರಿನ ಮತದಾನದ ದಿನ ಮಾತ್ರ ರಜೆ ಎಂದು ಕಂಪನಿಯವರು ಹೇಳುತ್ತಾರೆ. (ಬೆಂಗಳೂರು, ಪೀಣ್ಯ)

2024ರಲ್ಲಿ ಬಹಳ ಜನರಿಗೆ ಆದ ತೊಡಕು ಇದು: ಬೆಂಗಳೂರು ಸೇರಿ 14 ಕ್ಷೇತ್ರಗಳಿಗೆ ಏಪ್ರಿಲ್ 26, ಧಾರವಾಡ ಸೇರಿ ಉಳಿದ 14ಕ್ಕೆ ಮೇ 7. ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ಹಕ್ಕುಳ್ಳ ನೌಕರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ಕೆಲಸ ಮಾಡುವ ಜಾಗ ಕ್ಷೇತ್ರದ ಹೊರಗಿದ್ದರೂ ನೋಂದಣಿ ಇರುವ ಕ್ಷೇತ್ರದ ಮತದಾನದ ದಿನಕ್ಕೆ ಈ ರಜೆ ಸಲ್ಲುತ್ತದೆ ಎಂದೇ ಆಯೋಗ ಹೇಳುತ್ತ ಬಂದಿದೆ. ದಿನಗೂಲಿಯವರಿಗೂ ಅನ್ವಯ. ನೌಕರ ಇಲ್ಲದಿದ್ದರೆ ಅಪಾಯ ಅಥವಾ ಭಾರಿ ನಷ್ಟ ಆಗುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ಉಲ್ಲಂಘಿಸಿದ ಮಾಲೀಕನಿಗೆ ದಂಡ 500 ರೂಪಾಯಿಯವರೆಗೆ; ಈ ಮೊತ್ತಕ್ಕೆ ಹೆದರುವ ಕಂಪನಿ ಯಾವುದೂ ಇರಲಾರದು, ಹಾಗಾಗಿ ಜಗಳಕ್ಕಿಂತ ಕಾಗದ ಉಪಯೋಗಕ್ಕೆ ಬರುತ್ತದೆ. ಮತದಾರರ ಪಟ್ಟಿಯ ನಿಮ್ಮ ಪುಟ, ಕ್ಷೇತ್ರದ ಮತದಾನದ ದಿನಾಂಕ, ಕಲಮಿನ ಸಂಖ್ಯೆ ಇಷ್ಟನ್ನೂ ಒಂದು ವಾರ ಮೊದಲೇ ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಮಾಡಿ.

ರಾತ್ರಿ ಬಸ್ಸಿನಲ್ಲಿ ಹೋಗುವವರು ಬೆಳಿಗ್ಗೆ ತಲುಪಿ ಮೊದಲು ಮತ ಹಾಕಿ, ಆಮೇಲೆ ನಿದ್ದೆ ಮಾಡಿ.

ಪ್ರಶ್ನೆ: ಐದು ಗಂಟೆಗೆ ಟಿವಿಯಲ್ಲಿ ಹೇಳುವ ಶೇಕಡಾವಾರಿಗೂ ಮರುದಿನದ ಲೆಕ್ಕಕ್ಕೂ ಅಷ್ಟೊಂದು ಅಂತರ ಏಕೆ? ನಡುವೆ ಮತ ಎಲ್ಲಿಂದ ಬಂತು? (ಮಂಡ್ಯ)

2023ರ ಮೇ 10ರಂದು ಐದು ಗಂಟೆಗೆ ರಾಜ್ಯದಲ್ಲಿ ಶೇ 65ರ ಆಸುಪಾಸು ಹೇಳಿದ್ದರು, ಅಂತಿಮ ಅಂಕಿ ಶೇ 73.19. ಅನುಮಾನಕ್ಕೆ ಕಾರಣವಾಗುವ ಅಂತರ ಹೌದು. ಆದರೆ ಐದರ ಅಂಕಿಯಲ್ಲಿ ಕೊನೆಯ ಒಂದು ಗಂಟೆಯೂ ಇಲ್ಲ, ಚೀಟಿ ಪಡೆದು ನಿಂತವರೂ ಇಲ್ಲ. ಹಳ್ಳಿಗಳಲ್ಲಿ ಸಂಜೆ ಇನ್ನೊಂದು ಅಲೆ ಬರುವುದನ್ನು ಮೇಲೆ ಹೇಳಿದೆವು. ಜೊತೆಗೆ 9, 11, 1, 3, 5 ಗಂಟೆಯ ಅಂಕಿಗಳು ಸಿಬ್ಬಂದಿ ಕೆಲಸದ ನಡುವೆ ಕಳಿಸುವ ಅಂದಾಜು. ನೆಟ್‌ವರ್ಕ್ ಇಲ್ಲದ ಊರಿನದು ತಡವಾಗಿ ಸೇರುತ್ತದೆ.

ನಂಬಬೇಕಾದ ಕಾಗದ 17ಸಿ ನಮೂನೆ, ಅಂದರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ. ಕೊನೆಯ ಮತದಾರ ಹೋದ ಮೇಲೆ ಪಿಆರ್‌ಒ ಕಂಟ್ರೋಲ್ ಯೂನಿಟ್‌ನ ಕ್ಲೋಸ್ ಗುಂಡಿ ಒತ್ತುತ್ತಾರೆ. ಆಮೇಲೆ ಆ ಯಂತ್ರ ಒಂದು ಮತವನ್ನೂ ತೆಗೆದುಕೊಳ್ಳುವುದಿಲ್ಲ. ಸಾಲಿನಲ್ಲಿ ಇನ್ನೂ ಜನರಿರುವಾಗ ಅವಸರಕ್ಕೆ ಅದನ್ನು ಒತ್ತಿಬಿಟ್ಟರೆ ದೊಡ್ಡ ಪಜೀತಿ, ಆದ್ದರಿಂದ ಹೊರಗೆ ಯಾರೂ ಉಳಿದಿಲ್ಲವೆಂದು ನೋಡಿಯೇ ಒತ್ತಬೇಕು. ಪರದೆಯ ಮೇಲೆ ಬರುವ ಒಟ್ಟು ಸಂಖ್ಯೆಯನ್ನು 17ಎ ರಿಜಿಸ್ಟರ್ ಜೊತೆ ತಾಳೆ ನೋಡಿ 17ಸಿ ತುಂಬುತ್ತಾರೆ, ಹಾಜರಿರುವ ಪ್ರತಿ ಏಜೆಂಟರಿಗೂ ಸಹಿ ಮಾಡಿದ ಪ್ರತಿ ಕೊಡುತ್ತಾರೆ. ಏಳು ಗಂಟೆಗೆ ಊಟದ ನೆಪದಲ್ಲಿ ಎದ್ದು ಹೋದ ಏಜೆಂಟರ ಪಕ್ಷಕ್ಕೆ ಎಣಿಕೆಯ ದಿನ ತಾಳೆ ನೋಡಲು ಕಾಗದವೇ ಇರುವುದಿಲ್ಲ. ದೂರುವ ಮೊದಲು ಪಕ್ಷಗಳು ಇದನ್ನು ಸರಿಮಾಡಿಕೊಳ್ಳಬೇಕು.

ಪ್ರಶ್ನೆ: ಸಂಜೆ ಹೋದಾಗ ನನ್ನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದಾರೆ ಎಂದರೆ? (ಗಂಗಾವತಿ)

ವಾಪಸು ಬರಬೇಡಿ. ‘ಟೆಂಡರ್ಡ್ ಮತ ಕೊಡಿ’ ಎಂದು ಕೇಳಿ. ನಿಮ್ಮ ಗುರುತು ಪಿಆರ್‌ಒಗೆ ಒಪ್ಪಿಗೆಯಾದರೆ ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ ಮತ ಹಾಕಿಸುತ್ತಾರೆ, 17ಬಿ ನಮೂನೆಯಲ್ಲಿ ಸಹಿ ತೆಗೆದುಕೊಂಡು ಮತಪತ್ರವನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಯಲ್ಲಿ ಇದನ್ನು ಸೇರಿಸುವುದಿಲ್ಲ; ಫಲಿತಾಂಶ ಕೋರ್ಟಿಗೆ ಹೋದರೆ ಇದಕ್ಕೆ ಬೆಲೆ ಬರುತ್ತದೆ. ಬೆಳಿಗ್ಗೆಯೇ ಹೋದವರಿಗೆ ಈ ಪೇಚು ಕಡಿಮೆ.

ಪ್ರಶ್ನೆ: ಫೋನ್ ಒಯ್ಯಬಹುದೇ? ವೋಟರ್ ಐಡಿ ಕಳೆದುಹೋಗಿದೆ. (ಪುತ್ತೂರು)

2025ರ ಮೇ ತಿಂಗಳ ಆದೇಶದ ಪ್ರಕಾರ ಮತಗಟ್ಟೆಯ 100 ಮೀಟರ್ ಒಳಗೆ ಫೋನ್ ಆಫ್ ಮಾಡಿ ಒಯ್ಯಬಹುದು, ಬಾಗಿಲ ಬಳಿ ಇಟ್ಟಿರುವ ಗೂಡು ಅಥವಾ ಚೀಲದಲ್ಲಿ ಕೊಟ್ಟು ಒಳಗೆ ಹೋಗಬೇಕು. ಗುರುತಿಗೆ ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಉದ್ಯೋಗ ಖಾತ್ರಿ ಕಾರ್ಡ್ ಮೊದಲಾದವು ನಡೆಯುತ್ತವೆ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿ ಒಂದೇ ಇದ್ದರೆ ಸಾಲದು. ಇದಕ್ಕೆಲ್ಲ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು: ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಹೆಸರು ಸೇರಿಸುವುದಿಲ್ಲ. ಎಷ್ಟು ಕಾರ್ಡು ತೋರಿಸಿದರೂ ಮತದಾನದ ದಿನ ಅದಕ್ಕೆ ಮದ್ದಿಲ್ಲ. 1950ಕ್ಕೆ ಕರೆ ಮಾಡಿ ಈಗಲೇ ವಿಚಾರಿಸಿ.

ಪ್ರಶ್ನೆ: ದುಬೈನಲ್ಲಿದ್ದೇವೆ. ಅಲ್ಲಿಂದಲೇ ಮತ ಹಾಕುವ ವ್ಯವಸ್ಥೆ ಬಂದಿದೆಯೇ?

ಇಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡವರು 6ಎ ನಮೂನೆಯಲ್ಲಿ ಪಾಸ್‌ಪೋರ್ಟಿನ ವಿಳಾಸದ ಊರಲ್ಲಿ ಹೆಸರು ನೋಂದಾಯಿಸಬಹುದು, ಆದರೆ ಊರಿಗೇ ಬಂದು ಸಾಲಿನಲ್ಲಿ ನಿಲ್ಲಬೇಕು. ಮೂಲ ಪಾಸ್‌ಪೋರ್ಟ್ ತೋರಿಸಬೇಕು, ಜೆರಾಕ್ಸ್ ನಡೆಯದು.

ಪ್ರಶ್ನೆ: ನಾನೇ ಚುನಾವಣಾ ಕರ್ತವ್ಯದಲ್ಲಿರುತ್ತೇನೆ. ನನ್ನ ಮತ ಯಾವಾಗ? (ಶಿಕ್ಷಕಿ, ಹೊಸದುರ್ಗ)

ಕರ್ತವ್ಯ ಬಿದ್ದಿರುವುದು ನಿಮ್ಮ ಮತ ಇರುವ ಕ್ಷೇತ್ರದಲ್ಲೇ ಆದರೆ ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಕೇಳಿ. ಕೆಲಸ ಮಾಡುವ ಮತಗಟ್ಟೆಯ ಯಂತ್ರದಲ್ಲೇ ಮತ ಹಾಕಬಹುದು. ಬೇರೆ ಕ್ಷೇತ್ರವಾದರೆ 12ನೇ ನಮೂನೆ ಕೊಟ್ಟು ತರಬೇತಿ ಜಾಗದ ಸೌಲಭ್ಯ ಕೇಂದ್ರದಲ್ಲಿ ಅಂಚೆ ಮತ. ತರಬೇತಿಯ ದಿನವೇ ಅರ್ಜಿ ಕೊಡಿ. ಸಿಬ್ಬಂದಿ ಯಂತ್ರ ಪಡೆದು ಹೊರಡುವ ಮಸ್ಟರಿಂಗ್ ದಿನದ ಗದ್ದಲದಲ್ಲಿ ಇದನ್ನು ಕೇಳಿಸಿಕೊಳ್ಳುವವರು ಸಿಗುವುದಿಲ್ಲ.

ಪ್ರಶ್ನೆ: ಮದ್ಯದಂಗಡಿ ಮುಚ್ಚುವುದಕ್ಕೂ ಇದೇ ಗಂಟೆಯೇ? (ಹೆಸರು ಬೇಡ ಎಂದಿದ್ದಾರೆ, ಉಡುಪಿ)

ಇದೇ. ಮತದಾನ ಮುಗಿಯಲು ನಿಗದಿಯಾದ ಗಂಟೆಯಿಂದ ಹಿಂದಕ್ಕೆ 48 ತಾಸು. ಮೇ 10ರ ಸಂಜೆ 6ಕ್ಕೆ ಮತದಾನ ಮುಗಿಯುವುದಿದ್ದರೆ ಮೇ 8ರ ಸಂಜೆ 6ರಿಂದ ಬಂದ್. ಬಹಿರಂಗ ಪ್ರಚಾರ ನಿಲ್ಲುವುದೂ ಅದೇ ಲೆಕ್ಕದಲ್ಲಿ. ಸಾಲಿನಲ್ಲಿ ಚೀಟಿ ಹಿಡಿದವರು ಎಂಟರ ತನಕ ಇದ್ದರೂ ಈ 48 ತಾಸು ನಿಗದಿತ ಆರಕ್ಕೇ ಮುಗಿಯುತ್ತದೆ. ಎಣಿಕೆಯ ದಿನದ ನಿಷೇಧ ಬೇರೆ.

ಪ್ರಶ್ನೆ: ಮರುಮತದಾನ ಆದರೆ ಮೊದಲೇ ಶಾಯಿ ಇದ್ದವರು ಏನು ಮಾಡಬೇಕು? (ಕೊಳ್ಳೇಗಾಲ)

ಮುಂದೂಡಿಕೆ ಮತ್ತು ಮರುಮತದಾನ ಎರಡೂ ಬೇರೆ. ಗಲಾಟೆ, ಪ್ರವಾಹದಂಥ ಕಾರಣಕ್ಕೆ ಜನತಾ ಪ್ರಾತಿನಿಧ್ಯ ಕಾಯ್ದೆಯ 57ನೇ ಕಲಮಿನಡಿ ಮುಂದೂಡಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಮತ ಹಾಕಿದವರು ಮತ್ತೆ ಹಾಕುವಂತಿಲ್ಲ. ಯಂತ್ರ ನಾಶವಾಗಿ 58ನೇ ಕಲಮಿನಡಿ ಮರುಮತದಾನಕ್ಕೆ ಆದೇಶವಾದರೆ ಹಿಂದಿನದು ಪೂರ್ತಿ ರದ್ದು, ಎಲ್ಲರೂ ಹೊಸದಾಗಿ ಹಾಕಬೇಕು. ನಿಮ್ಮ ಪಕ್ಕದ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮತಯಂತ್ರ ಒಡೆದ ಮೇಲೆ 29ರಂದು ನಡೆದದ್ದು ಇಂಥದು. ಹಳೆಯ ಗುರುತು ಎಡಗೈ ತೋರುಬೆರಳಲ್ಲಿ ಇರುವುದರಿಂದ ಮರುಮತದಾನದಲ್ಲಿ ಎಡಗೈ ಮಧ್ಯದ ಬೆರಳಿಗೆ ಶಾಯಿ ಹಚ್ಚುತ್ತಾರೆ. ಬೆರಳಲ್ಲಿ ಆಗಲೇ ಶಾಯಿ ಇದೆ ಎಂದು ಬಾಗಿಲಲ್ಲಿ ಯಾರಾದರೂ ತಡೆದರೆ ಇಷ್ಟು ಹೇಳಿ, ಒಳಗೆ ಹೋಗಿ.